‘ರೋಗಿ ಒಪ್ಪಲಿಲ್ಲ’

ರಾಮನಗರದಲ್ಲಿದ್ದ ನಮ್ಮ ತಪಾಸಣಾ ಕೇಂದ್ರದಲ್ಲಿ ಕಣ್ಣಿನ ಹುಣ್ಣಿನ ರೋಗಿಗಳಿಗೆಂದೇ ಬೇರೆ ಒಂದು ಹಾಳೆ ಇತ್ತು. ಅದರ ಕೊನೆಯ ಸಾಲಿನಲ್ಲಿ ಎರಡು ಚೌಕಗಳು. ಒಂದರ ಪಕ್ಕ ‘ಕೆರೆದು ಪರೀಕ್ಷೆ ಮಾಡಲಾಗಿದೆ’ ಎಂದು ಅಚ್ಚಾಗಿತ್ತು, ಇನ್ನೊಂದರ ಪಕ್ಕ ‘ರೋಗಿ ಒಪ್ಪಲಿಲ್ಲ’ ಎಂದು. ವೈದ್ಯರಿಗೆ ಪುರುಸೊತ್ತಿರಲಿಲ್ಲ ಎನ್ನುವುದಕ್ಕೆ ಚೌಕವಿರಲಿಲ್ಲ.

ಆ ಹಾಳೆಯನ್ನು ಮಾಡಿದವರು ನಮ್ಮ ಮುಖ್ಯ ಸರ್ಜನ್. ಬೆಂಗಳೂರಿನ ಕಣ್ಣಾಸ್ಪತ್ರೆಯೊಂದರಲ್ಲಿ ನಾನು ಕಾರ್ನಿಯಾ ಮತ್ತು ಲೇಸರ್ ದೃಷ್ಟಿ ಶಸ್ತ್ರಚಿಕಿತ್ಸೆಯ ಫೆಲೋಶಿಪ್‌ಗೆ ಸೇರಿದ್ದು ಅವರ ಕೈಕೆಳಗೆ. ಕಾರ್ನಿಯಾ ಎಂದರೆ ಕಣ್ಣಿನ ಕಪ್ಪು ಭಾಗದ ಮೇಲೆ ಗಡಿಯಾರದ ಗಾಜಿನ ಹಾಗೆ ಕೂತಿರುವ ಪಾರದರ್ಶಕ ಪದರ. ಅದರಲ್ಲಿ ಹುಣ್ಣಾದಾಗ ಬ್ಯಾಕ್ಟೀರಿಯಾವೋ, ವೈರಸ್ಸೋ, ಬೂಷ್ಟಿನ ಜಾತಿಯ ಶಿಲೀಂಧ್ರವೋ ಎಂದು ಬರಿ ನೋಟದಿಂದ ಹೇಳುವುದು ಕಷ್ಟ. ಹುಣ್ಣಿನ ಅಂಚನ್ನು ಸಣ್ಣ ಬ್ಲೇಡಿನಿಂದ ಕೆರೆದು, ಗಾಜಿನ ಪಟ್ಟಿಯ ಮೇಲೆ ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಇಪ್ಪತ್ತು ನಿಮಿಷದ ಕೆಲಸ. “ಮೊದಲು ಕೆರೆ, ಆಮೇಲೆ ಬರೆ” ಎಂದು ಅವರು ಪ್ರತಿ ತಂಡಕ್ಕೂ ಹೇಳುತ್ತಿದ್ದರು. ಪರೀಕ್ಷೆ ಮಾಡದೆ ಔಷಧಿ ಬರೆಯಬೇಡ ಎಂದು ಅರ್ಥ. ಗಿಡಮರದ ಕಡ್ಡಿ ತಾಗಿದ ಕಣ್ಣಾದರಂತೂ ಕೆರೆದು ನೋಡುವ ತನಕ ಸ್ಟೀರಾಯ್ಡ್ ಮುಟ್ಟಲೇಬಾರದು. ಅದು ಉರಿ, ಕೆಂಪು ಎಲ್ಲವನ್ನೂ ಇಳಿಸುತ್ತದೆ, ಜೊತೆಗೆ ಶಿಲೀಂಧ್ರಕ್ಕೆ ಬಾಗಿಲನ್ನೂ ತೆರೆದುಕೊಡುತ್ತದೆ.

ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾಡಿದ ತಪ್ಪು ಇದು.

ಎರಡು ಸಾವಿರದ ದಶಕದ ನಡುವಿನ ಮಾತು. ರಾಮನಗರ ಇನ್ನೂ ಜಿಲ್ಲೆಯಾಗಿರಲಿಲ್ಲ. ಬಿಡದಿ, ಹಾರೋಹಳ್ಳಿ ಕಡೆಗಳಲ್ಲಿ ಕಾರ್ಖಾನೆಗಳು ಏಳುತ್ತಿದ್ದವು. ಪ್ರತಿ ಬುಧವಾರ ನಾವು ಒಬ್ಬೊಬ್ಬ ಫೆಲೋ ಆಸ್ಪತ್ರೆಯ ಗಾಡಿಯಲ್ಲಿ ರಾಮನಗರಕ್ಕೆ ಬಂದು ಮಧ್ಯಾಹ್ನದವರೆಗೆ ಕಣ್ಣು ನೋಡುತ್ತಿದ್ದೆವು. ಗ್ರೈಂಡಿಂಗ್ ಮಾಡುವಾಗ ಕಬ್ಬಿಣದ ಚೂರು ಸಿಡಿದವರು, ಚನ್ನಪಟ್ಟಣದ ಗೊಂಬೆ ಕಡೆಯುವವರು, ಕಲ್ಲು ಕ್ವಾರಿಯವರು, ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚುವ ಮನೆಗಳ ಹೊಗೆಯಲ್ಲಿ ಕಣ್ಣು ಕೆಂಪು ಮಾಡಿಕೊಂಡ ಹೆಂಗಸರು. ದಿನಕ್ಕೆ ಎಂಬತ್ತು ತೊಂಬತ್ತು ಮಂದಿ.

ಆ ಬುಧವಾರ ನನ್ನ ಮನಸ್ಸು ಅಲ್ಲಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ಬೆಂಗಳೂರಿನಲ್ಲಿ ನನ್ನ ಮೊದಲ ಲೇಸಿಕ್ ಇತ್ತು. ಒಂದೂವರೆ ವರ್ಷ ಪಕ್ಕದಲ್ಲಿ ನಿಂತು ನೋಡಿದ್ದೆ, ಮೇಕೆಯ ಕಣ್ಣುಗಳ ಮೇಲೆ ಅಭ್ಯಾಸ ಮಾಡಿದ್ದೆ. ಕಾರ್ನಿಯಾದ ಮೇಲ್ಪದರವನ್ನು ತೆಳ್ಳಗೆ, ಪುಸ್ತಕದ ಹಾಳೆ ತೆರೆದಂತೆ ಯಂತ್ರದಿಂದ ಎಬ್ಬಿಸಿ, ಅಡಿಗೆ ಲೇಸರ್ ಹಾಯಿಸಿ, ಮತ್ತೆ ಮುಚ್ಚುವ ಕೆಲಸ. ಅಂದು ಅದನ್ನು ಮೊದಲಿನಿಂದ ಕೊನೆಯವರೆಗೆ ನಾನೇ ಮಾಡಲು ಮುಖ್ಯ ಸರ್ಜನ್ ಒಪ್ಪಿದ್ದರು. ಒಂದು ಗಂಟೆಗೆ ಹೊರಡದಿದ್ದರೆ ರಸ್ತೆ ಅಗಲ ಮಾಡುವ ಕೆಲಸದ ನಡುವೆ ಗಾಡಿ ಸಿಕ್ಕಿಹಾಕಿಕೊಳ್ಳುವುದು ಖಂಡಿತ. ಕೆಂಗೇರಿ ದಾಟುವ ಹೊತ್ತನ್ನು ಬೆಳಗಿನಿಂದ ಲೆಕ್ಕ ಹಾಕುತ್ತಲೇ ಇದ್ದೆ.

ಹನ್ನೆರಡೂ ಮುಕ್ಕಾಲಿಗೆ ಆಕೆ ಬಂದು ಕೂತರು. ಕೂಟಗಲ್ ಕಡೆಯ ಹಳ್ಳಿಯವರು, ನಲವತ್ತೈದರ ಆಸುಪಾಸು, ರೇಷ್ಮೆ ಹುಳು ಸಾಕುವ ಒಕ್ಕಲು ಮನೆತನ. ಸೆರಗಿನ ತುದಿಯಿಂದ ಬಲಗಣ್ಣು ಒತ್ತಿ ಹಿಡಿದಿದ್ದರು. ಗಂಡ ಅದೇ ಬಸ್ಸಿನಲ್ಲಿ ಬಂದು ರೇಷ್ಮೆ ಗೂಡಿನ ಮಾರುಕಟ್ಟೆಗೆ ದರ ವಿಚಾರಿಸಲು ಹೋಗಿದ್ದರು, ಆಕೆಯೊಬ್ಬರೇ ಇದ್ದರು.

“ಎಷ್ಟು ದಿನ ಆಯ್ತಮ್ಮಾ?” ಎಂದೆ.

“ಎಂಟು ದಿನ ಆತು ಕಣವ್ವ. ಸೊಪ್ಪು ಕುಯ್ಯುವಾಗ ಕಡ್ಡಿ ಬಡೀತು. ಅಂಥದ್ದೇನಲ್ಲ ಅಂತ ಸುಮ್ಕಿದ್ದೆ. ಅವತ್ತೇ ಹುಳ ಆರುಸ್ತಾ ಇದ್ದೆ, ಸುಣ್ಣಕಟ್ಟು ಬಂದ್ಬುಟ್ಟಿತ್ತು ನೋಡಿ. ಅದೇ ಕೈಲಿ ಕಣ್ಣುಜ್ಕಂಡೆ.”

“ಸುಣ್ಣ ಬಿತ್ತಾ ಕಣ್ಣಿಗೆ?”

“ಸುಣ್ಣ ಅಲ್ಲ ಕಣವ್ವ, ಸುಣ್ಣಕಟ್ಟು. ಹುಳ ಎಲ್ಲ...”

“ಸರಿ, ಗಲ್ಲ ಇಲ್ಲಿಡಿ. ಅಲ್ಲಾಡಬೇಡಿ.”

ಕಣ್ಣನ್ನು ಹಿಗ್ಗಿಸಿ ತೋರಿಸುವ ಸ್ಲಿಟ್ ಲ್ಯಾಂಪಿನ ಬೆಳಕಿನಲ್ಲಿ ಕಾರ್ನಿಯಾದ ನಡುವಿಗಿಂತ ಸ್ವಲ್ಪ ಕೆಳಗೆ ಮೂರು ಮಿಲಿಮೀಟರಿನ ಬೂದು ಮಚ್ಚೆ ಕಂಡಿತು. ಕೀವಿರಲಿಲ್ಲ. ಮೇಲ್ಪದರ ಹೆಚ್ಚುಕಡಿಮೆ ಕೂಡಿಕೊಂಡಿತ್ತು. ಹತ್ತಿಯ ಎಳೆಯಿಂದ ಮುಟ್ಟಿದರೆ ಆಕೆ ತುಸು ತಡವಾಗಿ ರೆಪ್ಪೆ ಬಡಿದರು; ವೈರಸ್ ಹುಣ್ಣಾದ ಕಣ್ಣಿನಲ್ಲಿ ಸ್ಪರ್ಶ ಹೀಗೆ ಮಂದವಾಗುತ್ತದೆ. ಹಿಂದಿನ ವಾರ ಜ್ವರ ಬಂದಿತ್ತೆಂದರು. ವೈರಸ್ ಇರಬೇಕು ಎಂದುಕೊಂಡೆ. ಹಾಗೆಂದುಕೊಳ್ಳಲು ಕಾರಣಗಳಿದ್ದವು, ಅದು ಸುಳ್ಳಲ್ಲ. ಆದರೆ ಆ ಕಾರಣಗಳನ್ನು ನಾನು ಹುಡುಕಿದ ಆತುರ ಎಂಥದ್ದೆಂದು ನನಗೆ ಮಾತ್ರ ಗೊತ್ತು.

ಸಿಸ್ಟರ್ ಬಾಗಿಲಲ್ಲಿ ನಿಂತು, “ಕೆರೆಯೋ ಟ್ರೇ ತರ್ಲಾ ಮೇಡಂ?” ಎಂದು ಕೇಳಿದರು.

ಗೋಡೆ ಗಡಿಯಾರ ನೋಡಿದೆ. “ಬೇಡ, ಇದು ವೈರಲ್ಲು” ಎಂದೆ.

ವೈರಸ್‌ನ ಮುಲಾಮು, ಜೊತೆಗೆ ದಿನಕ್ಕೆ ನಾಲ್ಕು ಸಲ ಸ್ಟೀರಾಯ್ಡ್ ಹನಿ ಬರೆದೆ. ಮೂರು ದಿನ ಬಿಟ್ಟು ಬೆಂಗಳೂರಿಗೆ ಬನ್ನಿ ಎಂದೆ. ಹಾಳೆಯ ಕೊನೆಗೆ ಬಂದಾಗ ಪೆನ್ನು ಒಂದು ಕ್ಷಣ ನಿಂತಿತು. ಯಾವುದಾದರೂ ಒಂದು ಚೌಕ ತುಂಬದಿದ್ದರೆ ಬೆಂಗಳೂರಿನಲ್ಲಿ ಪ್ರಶ್ನೆ ಬರುತ್ತದೆ. ಎರಡನೆಯದಕ್ಕೆ ಗುರುತು ಹಾಕಿ ಸಹಿ ಮಾಡಿದೆ. ಆಕೆ ಎದುರಿಗೇ ಕೂತು, ನಾನು ಬರೆಯುವುದನ್ನು ಮರ್ಯಾದೆಯಿಂದ ನೋಡುತ್ತಿದ್ದರು.

ಮಧ್ಯಾಹ್ನದ ಲೇಸಿಕ್ ಹೂವೆತ್ತಿದ ಹಾಗೆ ಆಯಿತು. ಬಿಡದಿಯ ಕಾರ್ಖಾನೆಯೊಂದರ ಪೇಂಟಿಂಗ್ ವಿಭಾಗದ ಸೂಪರ್‌ವೈಸರ್, ಮುಖವಾಡದೊಳಗೆ ಕನ್ನಡಕ ಮಂಜಾಗುತ್ತದೆಂದು ಬಂದವರು. ಎದ್ದು ಕೂತು ಎದುರಿನ ಗಡಿಯಾರದ ಮುಳ್ಳು ಓದಿ ನಕ್ಕರು. ನಾನು ಎಲ್ಲರಿಗೂ ಮೈಸೂರ್ ಪಾಕ್ ಹಂಚಿದೆ.

ಮೂರು ದಿನಕ್ಕೆ ಆಕೆ ಬರಲಿಲ್ಲ. ನನಗೆ ನೆನಪೂ ಆಗಲಿಲ್ಲ. ಮುಂದಿನ ಬುಧವಾರ ಸರದಿ ಬೇರೆಯವರದಾಗಿತ್ತು, ಅವರಿಗೆ ಹುಷಾರಿಲ್ಲವೆಂದು ಮತ್ತೆ ನಾನೇ ಹೋದೆ. ಸಾಲಿನ ಮೊದಲಲ್ಲೇ ಆಕೆ ಇದ್ದರು, ಈ ಸಲ ಗಂಡನ ಜೊತೆ.

“ನಿಮ್ಮ ಡ್ರಾಪ್ಸ್ ಹಾಕುದ್ಮೇಲೆ ನಾಕ್ ದಿನ ಎಷ್ಟ್ ಸುಖವಾಗಿತ್ತು ಅಂತೀರಿ ಡಾಕ್ಟ್ರಮ್ಮ” ಎಂದರು. “ಹುಳ ಕೊನೇ ಜ್ವರ ಎದ್ದಿದ್ವು, ಪೊರೆ ಕಳಚ್ಕಂಡು ಹಸ್ಕಂಡಿದ್ವು, ಸೊಪ್ಪು ಹಾಕೋರು ಇರ್ನಿಲ್ಲ. ಕಣ್ಣು ವಾಸಿ ಆಯ್ತದಲ್ಲ ಅಂತ ಉಳ್ಕಂಡೆ. ಮೊನ್ನೆಯಿಂದ ತಲೆ ಸಿಡೀತಾ ಐತೆ.”

ಬೆಳಕು ಹಾಯಿಸಿದೆ. ಮೂರು ಮಿಲಿಮೀಟರಿದ್ದದ್ದು ಆರಾಗಿತ್ತು. ಅಂಚುಗಳು ಗರಿಗರಿಯಾಗಿ ಸುತ್ತ ಹರಡಿದ್ದವು, ಪಕ್ಕದಲ್ಲಿ ಎರಡು ಮರಿ ಮಚ್ಚೆಗಳು, ಕಾರ್ನಿಯಾದ ಹಿಂದೆ ತಳದಲ್ಲಿ ಬಿಳಿ ಕೀವಿನ ಪಟ್ಟಿ. ಪುಸ್ತಕದಲ್ಲಿ ಶಿಲೀಂಧ್ರದ ಹುಣ್ಣು ಹೇಗಿರುತ್ತದೆಂದು ತೋರಿಸುವ ಚಿತ್ರ ಹಾಗೇ ಇರುತ್ತದೆ. ಆ ಹನಿ ಈಗಲೇ ನಿಲ್ಲಿಸಿ ಎಂದೆ. ಅಂದೇ ನಮ್ಮ ಗಾಡಿಯಲ್ಲಿ ಇಬ್ಬರನ್ನೂ ಕೂರಿಸಿಕೊಂಡು ಬೆಂಗಳೂರಿಗೆ ಬಂದು, ನಾನೇ ಕೆರೆದು, ಗಾಜಿನ ಪಟ್ಟಿಯನ್ನು ಲ್ಯಾಬಿಗೆ ಹಿಡಿದುಕೊಂಡು ಹೋದೆ.

ಲ್ಯಾಬಿನ ಮುಖ್ಯಸ್ಥೆ, ಸೂಕ್ಷ್ಮಜೀವಿ ತಜ್ಞೆ, ಹತ್ತು ನಿಮಿಷದಲ್ಲಿ ಕರೆದು ತೋರಿಸಿದರು. ಕೊಂಬೆ ಒಡೆದ ತೆಳ್ಳಗಿನ ಎಳೆಗಳು. “ಶಿಲೀಂಧ್ರ. ಅನುಮಾನವೇ ಇಲ್ಲ” ಎಂದರು. ಗಂಟೆಗೊಂದು ಸಲ ಹಾಕುವ ಶಿಲೀಂಧ್ರನಾಶಕ ಹನಿ ಶುರುವಾಯಿತು. ಹಾಕಿದಾಗಲೆಲ್ಲ ಕಣ್ಣಿನಲ್ಲಿ ಬಿಳಿ ಗಸಿ ನಿಲ್ಲುತ್ತಿತ್ತು. ಆಕೆ ಮಂಚದ ಅಂಚನ್ನು ಹಿಡಿದುಕೊಳ್ಳುತ್ತಿದ್ದರು.

ಮರುದಿನ ಬೆಳಗಿನ ರೌಂಡ್ಸ್‌ನಲ್ಲಿ ಮುಖ್ಯ ಸರ್ಜನ್ ಮಂಚದ ಪಕ್ಕ ನಿಂತು ಫೈಲು ತಿರುವಿದರು. ನನ್ನ ಕಡೆ ನೋಡಿ, “ಕೆರೆಯದೆ ಸ್ಟೀರಾಯ್ಡ್ ಯಾಕೆ ಕೊಟ್ಟೆ?” ಎಂದರು.

“ವೈರಲ್ ಅನ್ನಿಸಿತ್ತು ಸರ್.”

ಅವರು ಹಾಳೆಯ ಕೊನೆಯ ಸಾಲು ನೋಡಿದರು. ಮುಖ ಸ್ವಲ್ಪ ಸಡಿಲವಾಯಿತು. ಆಕೆಯ ಕಡೆ ಬಾಗಿ ಮೆಲ್ಲಗೆ ಕೇಳಿದರು. “ಅವತ್ತೇ ಕೆರೆದು ನೋಡೋಕೆ ಬಿಟ್ಟಿದ್ರೆ ಇಷ್ಟಾಗ್ತಿರಲಿಲ್ಲ ಅಲ್ವಾ ತಾಯಿ? ಯಾಕೆ ಬೇಡ ಅಂದ್ರಿ?”

ಆಕೆ ಒಂದು ಕಣ್ಣಿನಿಂದ ಅವರನ್ನೂ ನನ್ನನ್ನೂ ನೋಡಿದರು. “ನಾನು ಬ್ಯಾಡ ಅಂದ್ನಾ ಸಾಮಿ?”

“ಹಾಗಂತ ಇಲ್ಲಿ ಬರೆದಿದೆ.”

ಗಂಡ ನಡುವೆ ಬಾಯಿ ಹಾಕಿದರು. “ಅಂದಿರ್ತಾಳೆ ಬುಡಿ ಸಾರ್. ಸೂಜಿ ಕಂಡ್ರೆ ಮಾರ್ದೂರ ಓಡೋಳು ಇವ್ಳು. ಏನಮ್ಮೀ, ಕಣ್ಣಿನ ವಿಸ್ಯದಾಗೂ ಹಂಗೇ ಮಾಡ್ದಾ? ದೊಡ್ಡ ಡಾಕ್ಟ್ರು ಕೇಳ್ತಾವ್ರೆ, ಬಾಯಿ ಬುಡು.”

ಆಕೆ ಸ್ವಲ್ಪ ಹೊತ್ತು ಯೋಚಿಸಿದರು. ನಿಜವಾಗಿಯೂ ನೆನಪು ಮಾಡಿಕೊಳ್ಳುತ್ತಿದ್ದರು. ಕೊನೆಗೆ, “ಅಂದಿರ್ಬೇಕು ಸಾಮಿ. ನಮ್ಗೇನ್ ಗೊತ್ತಾಯ್ತದೆ” ಎಂದರು.

“ನೀನು ಸರಿಯಾಗಿ ವಿವರಿಸಿ ಹೇಳಿದ್ಯಾ?” ಸರ್ ನನ್ನನ್ನು ಕೇಳಿದರು.

“ಹೇಳಿದ್ದೆ ಸರ್.”

ಚೌಕಕ್ಕೆ ಹಾಕಿದ ಗುರುತು ಆತುರದ್ದು. ಈ ಮಾತಿಗೆ ಆತುರದ ನೆಪವೂ ಇಲ್ಲ. ಆಕೆ ನನ್ನ ಮುಖ ನೋಡುತ್ತಿದ್ದಾಗಲೇ, ತಡವರಿಸದೆ ಹೇಳಿದೆ.

ಅಂದಿನಿಂದ ಆ ವಾರ್ಡಿಗೆ ಕಾಲಿಡುವುದೆಂದರೆ ನನಗೆ ಹಿಂಸೆ. ಹನಿ ಹಾಕುವಾಗಲೆಲ್ಲ ಗಂಡನ ಒಂದೇ ಪಾಠ ನಡೆದಿರುತ್ತಿತ್ತು. “ಅವತ್ತೇ ಒಪ್ಕಂಡಿದ್ರೆ ಆಗ್ತಿತ್ತಲ್ಲ. ಈಗ ನೋಡು, ಹುಳ ನೋಡೋರಿಲ್ಲ, ಹಸ ನೋಡೋರಿಲ್ಲ.” ಆಕೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ನೋಡಲು ಬಂದ ನೆಂಟರ ಎದುರಿಗೂ ಅದೇ ಮಾತು. ಅವರಲ್ಲೊಬ್ಬ ಹೆಂಗಸು, “ನಿಂಗ್ಯಾಕವ್ವ ಅಷ್ಟು ಭಯ” ಎಂದು ಆಕೆಯ ಕೈ ಸವರಿದ್ದನ್ನು ಕಂಡು ನಾನು ಹನಿಯ ಸೀಸೆ ಹಿಡಿದುಕೊಂಡೇ ವಾಪಸು ಬಂದಿದ್ದೆ. ಮೇಲಿನ ಮಹಡಿಯಲ್ಲಿ ನನ್ನ ಲೇಸಿಕ್ ಸಂಖ್ಯೆ ಏರುತ್ತಿತ್ತು. ಕೆಳಗೆ ಈ ಹುಣ್ಣು ಕರಗುತ್ತಿರಲಿಲ್ಲ.

ಆರನೇ ದಿನ ಸೂಕ್ಷ್ಮಜೀವಿ ತಜ್ಞೆ ತಾವೇ ವಾರ್ಡಿಗೆ ಬಂದರು. ಹುಣ್ಣಿನಿಂದ ಕೆರೆದದ್ದನ್ನು ಬೆಳೆಸಲು ಇಟ್ಟಿದ್ದ ತಟ್ಟೆಯಲ್ಲಿ ಬಿಳಿ ಹಿಟ್ಟು ಚೆಲ್ಲಿದಂಥ ಬೆಳೆ ಬಂದಿತ್ತು, ಅವರು ಸಾಮಾನ್ಯವಾಗಿ ಕಾಣುವ ಜಾತಿಯಲ್ಲ. “ನೀವು ಏನು ಕೆಲಸ ಮಾಡ್ತೀರಮ್ಮ?” ಎಂದು ಕೇಳಿದರು.

“ಹುಳ ಸಾಕ್ತೀವಿ ಕಣವ್ವ. ಈ ಸಲ ಅರ್ಧಕ್ಕರ್ಧ ಸುಣ್ಣಕಟ್ಟು ಬಂದು ಹೋದ್ವು. ಸತ್ತ ಹುಳ ಸೀಮೆಸುಣ್ಣದ ತುಂಡಿನಂಗೆ ಬೆಳ್ಳಗೆ ಗಟ್ಟಿಯಾಯ್ತವೆ. ಕೈಗೆ ಹಿಟ್ಟು ಹತ್ತುತ್ತೆ.”

ತಜ್ಞೆ ಹಾಗೇ ನಿಂತರು. “ಅದೇ ಇದು. ಹುಳುವನ್ನು ಕೊಲ್ಲೋ ಶಿಲೀಂಧ್ರವೇ ನಿಮ್ಮ ಕಣ್ಣಿಗೂ ಇಳಿದಿದೆ. ನಾನು ಎರಡು ದಿನದಿಂದ ಪುಸ್ತಕ ತಿರುವುತ್ತಿದ್ದೆ, ನೀವು ಒಂದೇ ಮಾತಲ್ಲಿ ಹೇಳಿಬಿಟ್ರಿ. ಮೊದಲೇ ಯಾರಿಗಾದ್ರೂ ಹೇಳಿದ್ರಾ ಇದನ್ನ?”

ಆಕೆಯ ಕಣ್ಣು ನನ್ನ ಮೇಲೆ ಬಂದು ನಿಂತು, ಸರಿದುಹೋಯಿತು. “ಹೇಳಿದ್ನೋ ಇಲ್ವೋ. ನೆಪ್ಪಿಲ್ಲ” ಎಂದರು. ಅಷ್ಟರಲ್ಲಿ ಆಕೆಗೆ ತನ್ನ ನೆನಪಿನ ಮೇಲೆಯೇ ನಂಬಿಕೆ ಹೋಗಿತ್ತು. ಅದನ್ನು ಕೆಡಿಸಿದವಳು ನಾನು.

ಔಷಧಿ ಬದಲಾಯಿತು, ಎರಡನೆಯದು ಸೇರಿತು. ಕೀವು ಒಂದು ದಿನ ಇಳಿದರೆ ಮರುದಿನ ಏರುತ್ತಿತ್ತು. ಹದಿನಾಲ್ಕನೇ ದಿನ ಬೆಳಿಗ್ಗೆ ಹಲ್ಲುಜ್ಜಲು ಬಗ್ಗಿದಾಗ ಕೆನ್ನೆಯ ಮೇಲೆ ಬಿಸಿನೀರು ಸುರಿದಂತಾಯಿತೆಂದು ಆಕೆ ಕೂಗಿದರು. ನೋಡಿದರೆ ಹುಣ್ಣಿನ ತಳ ತೂತಾಗಿ ಒಳಗಿನ ದ್ರವ ಸೋರುತ್ತಿತ್ತು. ಸದ್ಯಕ್ಕೆ ತೂತನ್ನು ಅಂಟಿನಿಂದ ಮುಚ್ಚಿ, ಮೇಲೆ ಮೃದುವಾದ ಕಾಂಟ್ಯಾಕ್ಟ್ ಲೆನ್ಸ್ ಇಟ್ಟೆವು. ಅದು ಎರಡು ಮೂರು ದಿನದ ಮಾತು. ಕೊಳೆತ ಕಾರ್ನಿಯಾ ತೆಗೆದು ಬೇರೆ ಹಾಕದಿದ್ದರೆ ಗುಡ್ಡೆಯೇ ಹೋಗುತ್ತದೆ. ನಮ್ಮ ನೇತ್ರ ಭಂಡಾರದಲ್ಲಿ ಆ ದಿನ ಒಂದು ಕಾರ್ನಿಯಾವೂ ಇರಲಿಲ್ಲ.

ಮರುದಿನ ಒಂಬತ್ತೂವರೆಗೆ ಮಾಗಡಿ ತಾಲೂಕಿನ ಕುದೂರಿನಿಂದ ಫೋನ್ ಬಂತು. ದಿನಸಿ ಅಂಗಡಿ ನಡೆಸುತ್ತಿದ್ದ ಹಿರಿಯರೊಬ್ಬರು ಬೆಳಿಗ್ಗೆ ಎದೆನೋವಿನಿಂದ ತೀರಿಕೊಂಡಿದ್ದರು. ಕಣ್ಣು ಕೊಡಬೇಕೆಂದು ಮೊದಲೇ ಹೇಳಿದ್ದರಂತೆ. ತೀರಿಕೊಂಡ ಆರು ತಾಸಿನೊಳಗೆ ತೆಗೆಯಬೇಕು. ನಾನು, ಒಬ್ಬ ಟೆಕ್ನಿಷಿಯನ್, ಮಂಜುಗಡ್ಡೆಯ ಪೆಟ್ಟಿಗೆ ಮಾಗಡಿ ರಸ್ತೆ ಹಿಡಿದೆವು.

ಹಜಾರದಲ್ಲಿ ಮಲಗಿಸಿದ್ದರು. ಜನರನ್ನು ಹೊರಗೆ ಕಳಿಸಿ, ರಕ್ತದ ಮಾದರಿ ತೆಗೆದು, ಕಣ್ಣಿನ ಸುತ್ತ ಅಯೋಡಿನ್ ಹಚ್ಚಿ ಕೆಲಸ ಶುರು ಮಾಡಿದೆವು. ಕಾರ್ನಿಯಾವನ್ನು ಸುತ್ತಲಿನ ಬಿಳಿ ಅಂಚಿನ ಸಮೇತ ಕತ್ತರಿಸಿ, ಅದನ್ನು ಕೆಡದಂತೆ ಇಡುವ ಗುಲಾಬಿ ಬಣ್ಣದ ದ್ರಾವಣದ ಸೀಸೆಗೆ ಇಳಿಸಬೇಕು. ಮುಟ್ಟಬಾರದ ಕಡೆ ಇಕ್ಕಳ ತಾಗಿದರೆ ಒಳಪದರದ ಜೀವಕೋಶಗಳು ಸಾಯುತ್ತವೆ. ಎರಡೂ ಚೆನ್ನಾಗಿ ಬಂದವು. ರೆಪ್ಪೆ ಮುಚ್ಚಿದೆವು. ಮುಖ ನಿದ್ದೆ ಹೋದವರ ಹಾಗೇ ಇತ್ತು.

ಹೊರಗೆ ಬಂದಾಗ ಅವರ ಮಗಳು, ಕಣ್ಣು ಕೆಂಪಾಗಿದ್ದರೂ ಗಟ್ಟಿ ದನಿಯಲ್ಲಿ ಕೇಳಿದರು. “ಮೇಡಂ, ಹೆಸ್ರು ಹೇಳಬಾರದು ಅಂತ ಗೊತ್ತು. ಯಾರಾದ್ರೂ ಕಾಯ್ತಾ ಅವ್ರಾ?”

“ಕಾಯ್ತಿದ್ದಾರೆ. ಒಬ್ಬ ತಾಯಿ.”

“ಅವ್ರ ಕಣ್ಣಿಗೆ ಏನಾಗಿತ್ತು?”

“ಸೋಂಕು” ಎಂದೆ.

“ಔಸ್ದೀಲಿ ಹೋಗ್ನಿಲ್ವಾ?”

ಪೆಟ್ಟಿಗೆಯ ಮುಚ್ಚಳ ಸರಿಯಾಗಿ ಕೂತಿದ್ದರೂ ಮತ್ತೊಮ್ಮೆ ಒತ್ತಿದೆ. “ತಡವಾಗಿತ್ತು” ಎಂದೆ. ಮಗಳು ಕೈಮುಗಿದರು. ಅಪ್ಪನ ಕಣ್ಣು ಕಿತ್ತುಕೊಂಡು ಹೋಗುತ್ತಿರುವವಳಿಗೆ ಕೈಮುಗಿಯುತ್ತಿದ್ದರು, ನಾನು ಆಕೆಗೂ ಸುಳ್ಳು ಹೇಳಿ ಗಾಡಿ ಹತ್ತಿದೆ.

ರಕ್ತದ ವರದಿ ಸರಿಯಾಗಿತ್ತು. ಆಪರೇಷನ್ ಮರುದಿನ ಬೆಳಿಗ್ಗೆ ಎಂದಾಯಿತು. ಸರ್ ಮಾಡುವುದು, ನಾನು ಜೊತೆಗೆ ನಿಲ್ಲುವುದು, ಹದಿನಾರು ಹೊಲಿಗೆಯಲ್ಲಿ ಎಂಟು ನಾನು ಹಾಕುವುದು. ಸಂಜೆ ಒಪ್ಪಿಗೆ ಪತ್ರ ತೆಗೆದುಕೊಂಡು ವಾರ್ಡಿಗೆ ಹೋದೆ. ದೃಷ್ಟಿ ಬರುತ್ತದೆಂಬ ಭರವಸೆ ಇಲ್ಲ, ಇದು ಕಣ್ಣಿನ ಗುಡ್ಡೆ ಉಳಿಸಿಕೊಳ್ಳುವುದಕ್ಕೆ ಎಂದೆಲ್ಲ ಬಿಡಿಸಿ ಹೇಳಿದೆ. ಆಕೆ ಏಳನೇ ಕ್ಲಾಸು ಓದಿದವರು. ಹಾಳೆಯನ್ನು ಎಡಗಣ್ಣಿನ ಹತ್ತಿರ ಹಿಡಿದು ಒಂದೊಂದೇ ಸಾಲು ಓದಿ, ಸಹಿ ಮಾಡುವ ಮೊದಲು ತಲೆ ಎತ್ತಿದರು.

“ಒಪ್ಪಿದೀನಿ ಅಂತ ದೊಡ್ಡದಾಗಿ ಬರ್ಕಳಿ ಡಾಕ್ಟ್ರಮ್ಮ. ನನ್ಗೆ ಮರೆವು ಜಾಸ್ತಿ. ಆಮ್ಯಾಕೆ ನಾನು ಬ್ಯಾಡ ಅಂದೆ ಅಂತ ಆಗ್ಬಾರ್ದು.”

ಚುಚ್ಚಿ ಆಡಿದ ಮಾತಲ್ಲ. ಆಕೆ ಅದನ್ನು ತನ್ನ ಮೇಲಿನ ದೂರಾಗಿ ಹೇಳಿಕೊಂಡರು. ನಾನು ಹಾಳೆಯನ್ನು ಅವರ ಕೈಯಿಂದ ಹಿಂದಕ್ಕೆ ತೆಗೆದುಕೊಂಡೆ. “ಸ್ವಲ್ಪ ಇರಿ, ಬರ್ತೀನಿ” ಎಂದೆ.

ಸರ್ ಕೋಣೆಯ ಬಾಗಿಲು ಹಾಕಿ, ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಆಕೆಗೆ ಕೆರೆಯುವ ಮಾತನ್ನೇ ಎತ್ತಲಿಲ್ಲ, ಲೇಸಿಕ್‌ಗೆ ಹೊತ್ತಾಗುತ್ತದೆಂದು ಬಿಟ್ಟೆ, ಚೌಕಕ್ಕೆ ಸುಳ್ಳು ಗುರುತು ಹಾಕಿದೆ, ನೀವು ಕೇಳಿದಾಗಲೂ ಸುಳ್ಳು ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ತಪ್ಪು ಅಂದಾಜು ಮಾಡಿದ್ರೆ ನಾನು ನಿನ್ನ ಜೊತೆ ನಿಲ್ತಿದ್ದೆ” ಎಂದರು. “ನನ್ನ ಕೈಲೂ ಆಗಿದೆ ಅಂಥವು. ಇದಕ್ಕೆ ನಿಲ್ಲೋಕಾಗಲ್ಲ. ಆ ಹೆಣ್ಣುಮಗಳ ಹತ್ತಿರ ನನ್ನ ಬಾಯಿಂದಲೇ ಅವಳ ತಪ್ಪು ಅನ್ನಿಸಿಬಿಟ್ಟೆಯಲ್ಲ.”

“ನಾಳೆ ಆಪರೇಷನ್ ಆದಮೇಲೆ ಅವರಿಗೆ ಹೇಳ್ತೀನಿ ಸರ್. ಈಗ ಗಾಬರಿಯಾಗಿಬಿಟ್ರೆ...”

“ಈಗ ಹೋಗು. ಯಾರ ಕೈಗೆ ಕಣ್ಣು ಕೊಡ್ತಿದೀನಿ ಅಂತ ಗೊತ್ತಿಲ್ಲದೆ ಅವರು ಸಹಿ ಹಾಕಬಾರದು. ನಾನೂ ಬರ್ತೀನಿ. ಆದ್ರೆ ಮಾತು ನಿನ್ನದು.”

ಗಂಡ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು ಕಾಫಿ ಆರಿಸುತ್ತಿದ್ದರು. ನಾನು ಆಕೆಯ ಎದುರು ನಿಂತೆ. “ಅಮ್ಮಾ, ನೀವು ಬೇಡ ಅಂದಿರಲಿಲ್ಲ” ಎಂದೆ. “ನಾನು ನಿಮ್ಮನ್ನ ಕೇಳಲೇ ಇಲ್ಲ. ನನಗೆ ಬೇರೆ ಕೆಲಸಕ್ಕೆ ಅರ್ಜೆಂಟಿತ್ತು. ನೀವು ಒಪ್ಪಲಿಲ್ಲ ಅಂತ ನಾನೇ ಸುಳ್ಳು ಬರೆದೆ. ನೀವು ಸುಣ್ಣಕಟ್ಟು ಅಂದಿದ್ದೂ ನಿಜ. ನಾನು ಪೂರ್ತಿ ಕೇಳಲಿಲ್ಲ.”

ಗಂಡ ಎದ್ದು ನಿಂತರು. ಲೋಟ ಚೆಲ್ಲಿತು. “ಏನಮ್ಮಾ, ಏನ್ ಮಾತಾಡ್ತಾ ಇದೀರಾ? ಓದ್ದೋರಾ ನೀವು? ಒಂದು ಹಸಿನ ಕಣ್ಣಿಗೂ ಹಿಂಗ್ ಮಾಡಾಕಿಲ್ಲ ಕಣ್ರೀ ನಾವು!” ದನಿ ಏರಿ ವಾರ್ಡಿನವರೆಲ್ಲ ತಿರುಗಿ ನೋಡಿದರು. ಸರ್ ತಡೆಯಲಿಲ್ಲ. ನಾನು ತಲೆ ತಗ್ಗಿಸಿ ನಿಂತಿದ್ದೆ.

ಆಕೆ ಗಂಡನಿಗೆ ಕೈಯಾಡಿಸಿ ಸುಮ್ಮನಿರುವಂತೆ ಹೇಳಿದರು. “ಅವತ್ತೇ ಕೆರುದ್ ನೋಡಿದ್ರೆ ಕಣ್ಣು ಉಳೀತಿತ್ತಾ?” ಎಂದು ನನ್ನನ್ನು ಕೇಳಿದರು.

“ಉಳಿಯೋ ಸಾಧ್ಯತೆ ಹೆಚ್ಚಿತ್ತು.”

ತಲೆಯಾಡಿಸಿದರು. ಆಮೇಲೆ ಗಂಡನ ಕಡೆ ತಿರುಗಿದರು. “ಕೇಳುಸ್ಕಂಡ್ರಾ? ಹದಿನೈದು ದಿನದಿಂದ ನನ್ನ ಬೈದ್ರಲ್ಲ. ನಾನು ಒಪ್ದೆ ಇರ್ನಿಲ್ಲ.” ಗಂಡ ನೆಲ ನೋಡುತ್ತಾ ಕೂತರು. ಚೆಲ್ಲಿದ ಕಾಫಿ ಅವರ ಚಪ್ಪಲಿಯಡಿಗೆ ಹರಿಯುತ್ತಿತ್ತು.

ಆಕೆ ಸರ್ ಕಡೆ ನೋಡಿ, “ಆಪ್ರೇಸನ್ ನೀವೇ ಮಾಡ್ತೀರಾ ಸಾಮಿ?” ಎಂದರು.

“ನಾನೇ ಮಾಡ್ತೀನಿ.”

“ಈಯಮ್ಮ?”

“ಜೊತೆಗಿರ್ತಾರೆ ಅಂತ ಇತ್ತು. ನೀವು ಹೇಳಿದ ಹಾಗೆ.”

“ಬ್ಯಾಡ” ಎಂದರು ಆಕೆ. “ಈಯಮ್ಮ ನನ್ನ ಕಣ್ಣು ಮುಟ್ಟಕ್ಕೆ ನಾನು ಒಪ್ಪಾಕಿಲ್ಲ.”

ಜೋರಾಗಿ ಹೇಳಲಿಲ್ಲ. ಬೆಳೆ ಮಾರುವಾಗ ದರ ಹೇಳುವವರ ಹಾಗೆ, ಇಷ್ಟೇ ಎಂದು ಹೇಳಿದರು. ಒಪ್ಪಿಗೆ ಪತ್ರವನ್ನು ಇನ್ನೊಬ್ಬ ಫೆಲೋ ತಂದು ಸಹಿ ಮಾಡಿಸಿಕೊಂಡರು.

ಮರುದಿನ ಆಪರೇಷನ್ ನಡೆಯುವಾಗ ನಾನು ಹೊರಗಿನ ಕಾರಿಡಾರಿನಲ್ಲಿ ನಿಂತಿದ್ದೆ. ಒಳಗೆ ಹುಣ್ಣಿನ ಭಾಗವನ್ನು ದುಂಡಗೆ ಕತ್ತರಿಸಿ ತೆಗೆದು, ಕುದೂರಿನಿಂದ ತಂದ ಕಾರ್ನಿಯಾವನ್ನು ಕೂರಿಸಿ, ಕೂದಲಿಗಿಂತ ಸಣ್ಣ ದಾರದಲ್ಲಿ ಹದಿನಾರು ಹೊಲಿಗೆ ಹಾಕಿದರು. ಒಂದೂವರೆ ಗಂಟೆ ಹಿಡಿಯಿತು. ಕಾಲು ನೋಯುತ್ತಿದ್ದರೂ ಬೆಂಚಿನಲ್ಲಿ ಕೂರಲು ಮನಸ್ಸಾಗಲಿಲ್ಲ. ಅಲ್ಲಿ ಆಕೆಯ ಗಂಡ ಕೂತಿದ್ದರು. ನಡುವೆ ಒಮ್ಮೆ ಅವರೇ ಮಾತಾಡಿದರು, ನನ್ನನ್ನು ನೋಡದೆ. “ನಾನು ಬೈದಿದ್ದು ಬೈದಿದ್ದೇ ಅಲ್ವಾ. ಅದುನ್ನ ಯಾವ ಡಾಕ್ಟ್ರು ವಾಪಸ್ ತಗೀತಾರೆ.”

ಹಳೆಯ ಹಾಳೆಯ ಗುರುತನ್ನು ಅಳಿಸಬಾರದೆಂದು ಸರ್ ಹೇಳಿದರು. ಅದರ ಕೆಳಗೆ ನಡೆದದ್ದನ್ನು ಬರೆದು, ಅಂದಿನ ತಾರೀಕು ಹಾಕಿ ಸಹಿ ಮಾಡಿದೆ. ಶನಿವಾರದ ಸಭೆಯಲ್ಲಿ ಎಲ್ಲರೆದುರು ನಾನೇ ಓದಿದೆ. ಫೆಲೋಶಿಪ್‌ನ ಉಳಿದ ತಿಂಗಳುಗಳಲ್ಲಿ ಲೇಸರ್ ಕೋಣೆ ನನಗೆ ಮುಚ್ಚಿತು. ಪ್ರತಿ ಬುಧವಾರ ರಾಮನಗರ, ಉಳಿದ ದಿನ ಹುಣ್ಣಿನ ವಾರ್ಡು. ದೊಡ್ಡ ಶಿಕ್ಷೆಯೆಂದು ಜೊತೆಯವರು ಮರುಗಿದರು. ನನಗೆ ಹಾಗನ್ನಿಸಲಿಲ್ಲ. ಹೊಸದಾಗಿ ಅಚ್ಚಾದ ಹಾಳೆಯಲ್ಲಿ ಮೂರನೆಯ ಚೌಕವೊಂದು ಬಂತು: ‘ಪರೀಕ್ಷೆ ಮಾಡಿಲ್ಲ, ಕಾರಣ.’ ಮುಂದೆ ಖಾಲಿ ಜಾಗ.

ಆಕೆಯ ಸೋಂಕು ಹೋಯಿತು, ಗುಡ್ಡೆ ಉಳಿಯಿತು. ಆದರೆ ಕಸಿ ಮಾಡಿದ ಕಾರ್ನಿಯಾ ನಾಲ್ಕನೇ ತಿಂಗಳಿಗೆ ಮಂಜಾಯಿತು. ಸೋಂಕಿರುವಾಗಲೇ ಕಸಿ ಮಾಡಿದ ಕಣ್ಣಿನಲ್ಲಿ ಹಾಗಾಗುವುದು ಹೆಚ್ಚು. ಒಂದು ಮೀಟರಿನಲ್ಲಿ ಬೆರಳು ಎಣಿಸುವಷ್ಟು ಮಾತ್ರ ಕಾಣುತ್ತಿತ್ತು. ಮುಂದೆ ಇನ್ನೊಂದು ಕಸಿ ಮಾಡಬಹುದೆಂದು ಸರ್ ಹೇಳಿದಾಗ, “ನೋಡನ, ಇನ್ನೊಂದೆರಡು ಬೆಳೆ ಆಗ್ಲಿ” ಎಂದರಂತೆ. ತಪಾಸಣೆಗೆ ಬೆಂಗಳೂರಿಗೇ ಹೋಗುತ್ತಿದ್ದರು. ನಾನಿರುವ ರಾಮನಗರಕ್ಕೆ ಬರುತ್ತಿರಲಿಲ್ಲ.

ಫೆಲೋಶಿಪ್ ಮುಗಿಯಲು ಮೂರು ವಾರವಿದ್ದಾಗ, ಒಂದು ಬುಧವಾರ, ಸಾಲಿನ ಕೊನೆಯಲ್ಲಿ ಆಕೆ ನಿಂತಿರುವುದು ಕಂಡಿತು. ಜೊತೆಗೆ ಇಪ್ಪತ್ತೈದರ ಒಬ್ಬ ಹೆಂಗಸು, ಅವರ ಊರಿನವಳೇ, ಎಡಗಣ್ಣು ಕೆಂಪಗೆ ಊದಿಕೊಂಡಿತ್ತು. ಆಕೆ ಅವಳ ಭುಜ ಹಿಡಿದು ನನ್ನೆದುರಿನ ಸ್ಟೂಲಿನಲ್ಲಿ ಕೂರಿಸಿದರು. ನನ್ನ ಕುಶಲ ಕೇಳಲಿಲ್ಲ.

“ಇವ್ಳಿಗೂ ಕಡ್ಡಿ ತಾಗೈತೆ. ಮೂರು ದಿನ ಆತು. ಹುಳಕ್ಕೆ ಸುಣ್ಣಕಟ್ಟು ಏನೂ ಬಂದಿಲ್ಲ” ಎಂದರು. ಒಂದೂ ಬಿಡದೆ, ನಾನು ಕೇಳುವ ಮೊದಲೇ.

ಬೆಳಕಿಟ್ಟು ನೋಡಿದೆ. ಎರಡು ಮಿಲಿಮೀಟರಿನ ಹುಣ್ಣು. ಕೆರೆಯಬೇಕು ಎಂದೆ. ಸಿಸ್ಟರ್ ಟ್ರೇ ತಂದರು. ಬ್ಲೇಡು ಕಂಡದ್ದೇ ಹುಡುಗಿ ಹಿಂದಕ್ಕೆ ಸರಿದು, “ಬ್ಯಾಡ ಕಣಕ್ಕ, ನಂಗೆ ಭಯ” ಎಂದಳು.

“ಸುಮ್ಕಿರು. ಮದ್ದು ಬುಟ್ಟು ಮರಗಟ್ಟುಸ್ತಾರೆ. ಒಸಿ ಚುರುಕ್ ಅಂತೈತೆ ಅಷ್ಟೆ” ಎಂದರು ಆಕೆ. “ಕಣ್ಣು ಹೋಗದು ಅದ್ಕಿಂತ ಜಾಸ್ತಿ ನೋಯ್ತದೆ.”

ರೋಗಿಯ ಜೊತೆಯವರು ಹೊರಗೆ ಕಾಯಬೇಕೆಂದು ಸಿಸ್ಟರ್ ಹೇಳಿದರು. ಆಕೆ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಕೋಪವಿರಲಿಲ್ಲ, ಕ್ಷಮೆಯೂ ಇರಲಿಲ್ಲ. ಒಂದು ಕಣ್ಣು ನನ್ನನ್ನು ನೋಡುತ್ತಿತ್ತು, ಇನ್ನೊಂದು ಬೆಳ್ಳಗೆ ಸುಮ್ಮನೆ ತೆರೆದಿತ್ತು.

“ಇರಲಿ ಸಿಸ್ಟರ್, ನಿಂತ್ಕೊಳ್ಳಲಿ” ಎಂದೆ.

ಮರಗಟ್ಟಿಸುವ ಹನಿ ಹಾಕಿ ಎರಡು ನಿಮಿಷ ಕಾದೆ. ಹುಣ್ಣಿನ ಅಂಚು, ಆಮೇಲೆ ತಳ, ಕೆರೆದು ಎರಡು ಪಟ್ಟಿಗಳ ಮೇಲೆ ಹಚ್ಚಿದೆ. ಆಕೆ ನನ್ನ ಭುಜದ ಹಿಂದೆಯೇ ನಿಂತಿದ್ದರು, ಉಸಿರು ಕೇಳಿಸುವಷ್ಟು ಹತ್ತಿರ. ಸೂಕ್ಷ್ಮದರ್ಶಕದ ಮೇಜಿಗೆ ಹೋದೆ, ಹಿಂದೆಯೇ ಬಂದರು. ಬಣ್ಣ ಹಾಕಿ, ತೊಳೆದು, ಒಣಗಲು ಬಿಡಬೇಕು, ಹೊತ್ತಾಗುತ್ತದೆ, ಹೊರಗೆ ಕೂತಿರಿ ಎಂದೆ.

ಕಿಟಕಿಯಾಚೆ ಕೂಟಗಲ್ ಕಡೆಯ ಬಸ್ಸು ಬಂದು ನಿಂತಿತ್ತು. “ಅಕ್ಕಾ, ಬಸ್ಸು! ಇದ್ನ ಬುಟ್ರೆ ಇನ್ನು ಸಂಜೀಗೇ” ಎಂದು ಹುಡುಗಿ ಕೂಗಿದಳು. ಕಂಡಕ್ಟರ್ ಎರಡು ಸಲ ಸೀಟಿ ಊದಿದ. ಬಸ್ಸು ಹೊರಟಿತು.

ಆಕೆ ಕದಲಲಿಲ್ಲ. ಪಟ್ಟಿ ಒಣಗುವುದನ್ನು ನೋಡುತ್ತಾ ಅಲ್ಲೇ ನಿಂತಿದ್ದರು.